ಹೆಚ್ಚಾದ ಅಕ್ಕಿ



ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ನೆಲಕ್ಕುದುರಿದ ಅಕ್ಕಿಯನ್ನಾಯ್ದು ಜಂಗಮ ದಾಸೋಹ ನಡೆಸುತ್ತಿದ್ದ ಮಾರಯ್ಯ-ಲಕ್ಕಮ್ಮನವರ ಕಥೆ ತಮಗೆ ವಿದಿತವಷ್ಟೆ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಳಗೆ ಸೇರಿಸದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ತಿಳಿಸಿದರು. ನಾವು ಇದನ್ನು ನಿರಾಶೆಯ ದೃಷ್ಟಾಂತವೆಂದು ಹೇಳಿ ಮುಂದೆ ಸಾಗುತ್ತೇವೆ. ಹತ್ತು ಜನರನ್ನಿಟ್ಟು ದುಡಿಸುವ ಗೃಹಸ್ಥನಿಗಾದರೋ ಇದು ಲೆಕ್ಕಪತ್ರದ ಪಾಠವೂ ಹೌದು. ನೆಲದಿಂದ ಎಷ್ಟು ತೆಗೆಯಬೇಕು, ದುಡಿಯುವ ಮೈಯಿಂದ ಎಷ್ಟು ತೆಗೆಯಬೇಕು ಎಂಬ ಎರಡು ಪ್ರಶ್ನೆಗಳೂ ಅದರಲ್ಲಡಗಿವೆ.

ದೂರ ಹೋಗಬೇಕಾಗಿಲ್ಲ. ಕೂಡ್ಲಿಗಿಯ ನೆರೆಯ ಸಂಡೂರಿನ ಬೆಟ್ಟಗಳನ್ನು ಅಳತೆ ಮೀರಿ ಅಗೆದರು. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರಲ್ಲಿ ನಿಯಮವನ್ನು ತೀರ ಮೀರಿದ ಗಣಿಗಳ ಗುತ್ತಿಗೆ ರದ್ದಾಯಿತು; ಉಳಿದವಕ್ಕೆ ಉತ್ಪಾದನೆಯ ಮಿತಿ ಬಂದಿತು. ಮಿತಿ ಮೀರಿದವನು ಒಡೆಯ, ಕೂಲಿ ಕಳೆದುಕೊಂಡವನು ಆಳು.

ಇದಕ್ಕೆ ಎದುರಾದ ನೋಟವು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿದೆ. ಕೆರೆಯ ನಡುವಣ ಜಾಲಿಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದವು. ಊರವರು ಅವನ್ನು ಓಡಿಸಲಿಲ್ಲ. ಸುಮಾರು 244 ಎಕರೆಯ ಆ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಗಣನೆಗೆ ಬಂದಿತು.

ನನ್ನದೊಂದು ತಪ್ಪನ್ನೂ ಇಲ್ಲಿ ನಿವೇದಿಸಬೇಕು. ಶೇಂಗಾ ಗಿರಣಿಯ ಒಡೆಯರಾದ ಭಕ್ತರೊಬ್ಬರು ಕೊಟ್ಟೂರೇಶ್ವರನ ತೇರಿಗೆ ನಡೆದು ಬರುವವರಿಗೆ ವರ್ಷವರ್ಷವೂ ಅನ್ನ ಹಾಕಿಸುತ್ತಾರೆ. ವೇದಿಕೆಯ ಮೇಲೆ ನಿಂತು ಅವರನ್ನು ದಾಸೋಹಮೂರ್ತಿಯೆಂದು ಹೊಗಳಿದವನು ನಾನೇ. ಒಮ್ಮೆ ಅವರು, "ಗುರುಗಳೇ, ಇಷ್ಟು ಮಾಡಿದರೂ ಗಿರಣಿಯಲ್ಲಿ ಆಳುಗಳು ನಿಲ್ಲುವುದಿಲ್ಲವಲ್ಲ" ಎಂದರು. ಹೋಗಿ ನೋಡಿದೆನು. ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು ಧೂಳಿನಲ್ಲಿ ಕಾಳು ಹಸನು ಮಾಡುತ್ತಿದ್ದರು. ಕುಡಿಯುವ ನೀರು ರಸ್ತೆಯಾಚೆ. ಹಿತ್ತಲಲ್ಲಿ ಹೊಟ್ಟಿನ ರಾಶಿ ಉರಿಯುತ್ತಿತ್ತು. ಅದರ ಹೊಗೆ ಅವರ ಕೇರಿಯ ಮೇಲೆಯೇ ಹಾಯುತ್ತಿತ್ತು.

ನನಗೆ ಮಾತು ಹೊರಡಲಿಲ್ಲ. "ಅವರನ್ನೇ ಕೇಳಿರಿ" ಎಂದಷ್ಟೇ ಹೇಳಿದೆನು. ಒಡೆಯರು ಕೇಳಿದರು. ಅವರಲ್ಲಿ ಹಿರಿಯಳೊಬ್ಬಳು, "ಹೊಟ್ಟು ಸುಡಬ್ಯಾಡ್ರಿ ಸಾವ್ಕಾರ್ರೆ, ನಮ್ಮ ತಿಪ್ಪಿಗೆ ಕೊಡ್ರಿ. ಒಂದು ಕೊಡ ನೀರು ಒಳಗಿಡ್ರಿ" ಎಂದಳು. ಇಷ್ಟೇ! ಇದಕ್ಕೆ ಶಾಸ್ತ್ರಾರ್ಥ ಬೇಕಾಗಿರಲಿಲ್ಲ. ನಾನು ಮೂವತ್ತು ವರ್ಷ ಮಾಡುತ್ತ ಬಂದದ್ದಾದರೋ ಶಾಸ್ತ್ರಾರ್ಥವೇ.

ಒಡೆಯರು ಸುಡುವುದನ್ನು ನಿಲ್ಲಿಸಿದರು. ಧೂಳು ಹೊರಹಾಕುವ ಯಂತ್ರಕ್ಕೂ ಕೂಲಿಯ ಏರಿಕೆಗೂ ಹಣ ಬೇಕಾಯಿತು. ಮರುವರ್ಷ ಅನ್ನದ ಚಪ್ಪರ ಚಿಕ್ಕದಾಯಿತು. ಭಕ್ತಿ ಕಡಿಮೆಯಾಯಿತೆಂದು ಕೆಲವರು ಆಡಿಕೊಂಡರು. ಆ ಹಿರಿಯಳು ಅಂದು ತೇರಿಗೆ ಬಂದಿದ್ದಳು. ಪಂಕ್ತಿಯಲ್ಲಿ ಸ್ಥಳವಿಲ್ಲದಿರಲು ನಾನು ಸರಿದು ಕುಳಿತೆನು. ಆಕೆ ಪಕ್ಕದಲ್ಲಿ ಕುಳಿತು, ಎಲೆಗೆ ನೀರು ಚಿಮುಕಿಸಿ, ಅನ್ನಕ್ಕೆ ಕಾದಳು.