ಉಡಿಗೆಯ ಅಂಕಿತ

ಕಾರವಾರದಿಂದ ಉತ್ತರಕ್ಕೆ ಹೊರಟು, ಕಾಳೀನದಿಯನ್ನು ದಾಟಿ, ಸದಾಶಿವಗಡದ ಗುಡ್ಡವನ್ನು ಹಿಂದಕ್ಕೆ ಬಿಟ್ಟು ಸಾಗಿದರೆ ಕನ್ನಡ ಕರಾವಳಿಯ ಕಡೆಯ ಗ್ರಾಮವಾದ ಮಾಜಾಳಿ ಬರುತ್ತದೆ. ಅಲ್ಲಿಂದಾಚೆಗೆ ಗೋವೆ. ರಜೆಯ ದಿನಗಳಲ್ಲಿ ಆ ಹೆದ್ದಾರಿಯ ತನಿಖಾ ಠಾಣೆಯ ಬಳಿ ನಿಲ್ಲುವ ವಾಹನಗಳಿಂದ ತರುಣರು ಇಳಿದು ಚಹ ಕುಡಿಯುತ್ತಾರೆ. ಅವರ ಅಂಗಿಗಳ ಎದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದೊಂದು ಹೆಸರು. ಆ ಹೆಸರು ತೊಟ್ಟವನದಲ್ಲ, ಹೊಲಿದವನದೂ ಅಲ್ಲ, ನೆಯ್ದವನದಂತೂ ಅಲ್ಲವೇ ಅಲ್ಲ. ರಸ್ತೆಯಿಂದ ಸ್ವಲ್ಪ ದೂರದಲ್ಲಿ, ಸಮುದ್ರದಂಡೆಯ ಮೇಲೆ ಬಲೆ ಎಳೆಯುವ ತರುಣನ ಮೈಮೇಲೆಯೂ ಅದೇ ಹೆಸರಿನ ಅಂಗಿ ಕಾಣುತ್ತದೆ. ಅದು ಸಂತೆಯಲ್ಲಿ ಕೊಂಡ ನಕಲು. ಒಂದರ ಬೆಲೆ ಸಾವಿರಗಳಲ್ಲಿ, ಇನ್ನೊಂದರದು ನೂರುಗಳಲ್ಲಿ. ಮಳೆ, ಬಿಸಿಲು, ಉಪ್ಪುಗಾಳಿಗಳನ್ನು ತಡೆಯುವುದರಲ್ಲಿ ಎರಡಕ್ಕೂ ಅಷ್ಟೇನೂ ಅಂತರವಿಲ್ಲ. ಹೀಗಿರಲು ಆ ಹೆಚ್ಚಿನ ಹಣವನ್ನು ಕೊಟ್ಟದ್ದು ಯಾವುದಕ್ಕೆ? ಬಟ್ಟೆಗೆ ಅಲ್ಲ, ಅಂಕಿತಕ್ಕೆ.

ಅಂಕಿತವೆಂಬ ಪದವು ಶರಣಮಾರ್ಗದವರಿಗೆ ಹೊಸದಲ್ಲ. ವಚನದ ಕೊನೆಯಲ್ಲಿ ಬರುವ ಹೆಸರು ವಚನಕಾರನದಲ್ಲ, ಆತನು ನಂಬಿದ ದೈವದ್ದು. ಬಸವಣ್ಣನವರಿಗೆ ಕೂಡಲಸಂಗಮದೇವ, ಮಹಾದೇವಿಯಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನವರಿಗೆ ರಾಮನಾಥ. ತನ್ನಿಂದ ಹುಟ್ಟಿದ ನುಡಿಯನ್ನು ತನ್ನದೆನ್ನದೆ ಒಡೆಯನಿಗೆ ಒಪ್ಪಿಸಿಬಿಡುವ ಕ್ರಮವದು. ಆದರೆ ಹಾಗೆ ಒಪ್ಪಿಸಿದವನ ಕಾಯಕವನ್ನು ಶರಣಸಮೂಹವು ಮರೆಯಲಿಲ್ಲ. ಅದನ್ನೇ ಅವನ ಹೆಸರಿನ ಮುಂದೆ ಇಟ್ಟು ಕರೆಯಿತು. ನೂಲು ನೆಯ್ದವರು ಜೇಡರ ದಾಸಿಮಯ್ಯ, ಬಟ್ಟೆ ಹೊಲಿದವರು ಸೂಜಿಕಾಯಕದ ರಾಮಿತಂದೆ, ಒಗೆದವರು ಮಡಿವಾಳ ಮಾಚಯ್ಯ. ಒಂದು ಉಡಿಗೆಯು ಮಗ್ಗದಿಂದ ಹೊರಟು ಮೈಗೆ ಬಂದು ಮಾಸಿ ಮತ್ತೆ ಮಡಿಯಾಗುವವರೆಗಿನ ದಾರಿಯಲ್ಲಿ ಎಲ್ಲಿ ನೋಡಿದರೂ ಒಬ್ಬ ಶರಣನಿದ್ದಾನೆ. ಇಂದಿನ ಪೇಟೆಯ ಅಂಕಿತವು ಇದನ್ನು ತಲೆಕೆಳಗು ಮಾಡಿದೆ. ಕೈಮುಟ್ಟಿ ಕೆಲಸ ಮಾಡಿದವನ ಹೆಸರು ಅಳಿದುಹೋಗಿ, ಆ ಬಟ್ಟೆಯ ಒಂದು ಎಳೆಯನ್ನೂ ಮುಟ್ಟದವನ ಹೆಸರು ಎದೆಯ ಮೇಲೆ ಮೆರೆಯುತ್ತದೆ.

ಈ ಹೊರಗಣ ಅಂಕಿತಕ್ಕೆ ಇರುವುದು ಸುಮಾರು ನೂರು ವರ್ಷಗಳ ಇತಿಹಾಸವಷ್ಟೇ. ಹಿಂದೆ ದರ್ಜಿಯ ಹೆಸರಿನ ಚೀಟಿಯೊಂದಿದ್ದರೆ ಅದು ಕೊರಳಪಟ್ಟಿಯ ಒಳಗೆ ಅಡಗಿರುತ್ತಿತ್ತು. ಫ್ರಾನ್ಸ್ ದೇಶದಲ್ಲಿ ರೆನೆ ಲಕೋಸ್ತ್ ಎಂಬ ಟೆನಿಸ್ ಆಟಗಾರನಿದ್ದನು. ಎದುರಾಳಿಯನ್ನು ಹಿಡಿದರೆ ಬಿಡದವನೆಂದು ಜನರು ಅವನನ್ನು ಮೊಸಳೆಯೆಂದು ಕರೆಯುತ್ತಿದ್ದರು. ಅವನು ಮೊಸಳೆಯ ಚಿತ್ರವನ್ನು ತನ್ನ ಕೋಟಿನ ಮೇಲೆ ಕಸೂತಿ ಮಾಡಿಸಿಕೊಂಡನು. 1933ರಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯೊಡನೆ ಕೂಡಿ ಅದೇ ಗುರುತಿನ ಅಂಗಿಗಳನ್ನು ಮಾರಾಟಕ್ಕೆ ತಂದನು. ಅಂಗಿಯ ಹೊರಮೈಯಲ್ಲಿ ಗುರುತನ್ನು ಮೆರೆಸುವ ಪದ್ಧತಿಯು ಲೋಕದಲ್ಲಿ ಹಬ್ಬಿದ್ದು ಇಂಥವುಗಳಿಂದ. ಲಕೋಸ್ತ್ ಆಡಿ ಗೆದ್ದವನು. ಅವನ ಮೊಸಳೆಗೆ ಅವನ ಬೆವರಿನ ಸಾಕ್ಷಿಯಿತ್ತು. ಅದನ್ನು ಕೊಂಡು ತೊಟ್ಟವರಿಗೆ ದೊರೆತದ್ದು ಮೊಸಳೆ ಮಾತ್ರ, ಆಟವಲ್ಲ.

ಭಾರತದಲ್ಲಿ ಈ ಮಾರ್ಗವು ಈಗ ರಾಜಮಾರ್ಗವಾಗಿದೆ. ಚಲಚ್ಚಿತ್ರ ನಟ ಹೃತಿಕ್ ರೋಶನ್ ಅವರೊಡನೆ 2013ರಲ್ಲಿ ಎಚ್‌ಆರ್‌ಎಕ್ಸ್ ಎಂಬ ಉಡಿಗೆಯ ಅಂಕಿತ ಹುಟ್ಟಿತು. ಮರುವರ್ಷ ಕ್ರಿಕೆಟ್ ಆಟಗಾರ ವಿರಾಟ ಕೊಹ್ಲಿಯವರ ಹೆಸರಿನೊಡನೆ ರಾಂಗ್ ಎಂಬುದು ಬಂದಿತು. ತಪ್ಪು ಎಂಬರ್ಥದ ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿ ಹೆಸರಿಟ್ಟಿದ್ದಾರೆ. ಬೇಕೆಂದೇ ತಪ್ಪನ್ನು ಹಣೆಗೆ ಬರೆದುಕೊಂಡ ವ್ಯಾಪಾರಕ್ಕೆ ಸತ್ಯವಂತಿಕೆಯ ಒಂದು ಅಂಶವಾದರೂ ಇದೆಯೆನ್ನಬೇಕು. ಕನ್ನಡದ ಕೆ.ಜಿ.ಎಫ್. ಚಿತ್ರವು 2018ರಲ್ಲಿ ತೆರೆಗೆ ಬಂದ ಮೇಲೆ ನಾಯಕನ ಗಡ್ಡವೂ ಕೋಟೂ ಊರೂರಿನ ಕ್ಷೌರದಂಗಡಿ, ಬಟ್ಟೆಯಂಗಡಿಗಳನ್ನು ಹೊಕ್ಕವು. ನಟನಾದವನು ಪಾತ್ರಕ್ಕೆ ತಕ್ಕ ವೇಷವನ್ನು ಹಾಕುವುದರಲ್ಲಿ ದೋಷವಿಲ್ಲ. ಅದು ಅವನ ಕಾಯಕ. ಚಿತ್ರೀಕರಣ ಮುಗಿದೊಡನೆ ಅವನು ಆ ಕೋಟನ್ನು ಕಳಚಿಟ್ಟು ಮನೆಗೆ ಹೋಗುತ್ತಾನೆ. ಅವನು ಕಳಚಿಟ್ಟದ್ದನ್ನು ಇವನು ಸಾಲ ಮಾಡಿ ತೊಟ್ಟುಕೊಂಡು ನಿಂತಿರುತ್ತಾನೆ. ಇದೇ ಇಲ್ಲಿಯ ಸೋಜಿಗ.

ಸಾಲದ ಮಾತು ಹಗುರವಾದುದಲ್ಲ. ಕರಾವಳಿಯಲ್ಲಿ ಜೂನ್ ತಿಂಗಳ ಮೊದಲ ದಿನದಿಂದ ಜುಲೈ ಕೊನೆಯವರೆಗೆ 61 ದಿನಗಳ ಕಾಲ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮಾಜಾಳಿಯಂಥ ಊರಿನ ಅನೇಕ ಮನೆಗಳಲ್ಲಿ ಆ ಎರಡು ತಿಂಗಳು ಒಲೆಯ ಬೆಂಕಿಯನ್ನು ಅಳೆದೇ ಉರಿಸಬೇಕಾಗುತ್ತದೆ. ಅಂಥ ಮನೆಯ ಮಗನು ಕೈಯೊಳಗಿನ ದೂರವಾಣಿಯಲ್ಲಿ ಕಂಡ ಬೂಟನ್ನೋ ಅಂಗಿಯನ್ನೋ ಕಂತಿನ ಮೇಲೆ ತರಿಸಿಕೊಂಡರೆ, ತಂದೆಯು ದೋಣಿಯನ್ನು ದಡಕ್ಕೆಳೆದು ಬಲೆ ನೇಯುತ್ತ ಕುಳಿತಾಗಲೂ ಆ ಕಂತು ನಿಲ್ಲುವುದಿಲ್ಲ. ಮಗನನ್ನು ಬೈದು ಫಲವೇನು? ತಾನು ಯಾರೂ ಅಲ್ಲವೆಂಬ ಅಳುಕು ತರುಣನನ್ನು ಕಾಡುತ್ತದೆ. ಹೆಸರುವಾಸಿಯಾದವನ ಹೆಸರನ್ನು ಹೊದ್ದರೆ ಆ ಅಳುಕು ಒಂದು ಗಳಿಗೆ ಅಡಗುತ್ತದೆ. ಪೇಟೆಯವರು ಮಾರುವುದು ಆ ಒಂದು ಗಳಿಗೆಯನ್ನು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬಸವಣ್ಣನವರ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅಗತ್ಯಕ್ಕೆ ಮೀರಿದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರೆಂಬುದು ಎಲ್ಲರೂ ಬಲ್ಲ ಕಥೆ. ಆ ತಾಯಿಗೆ ಅಳುಕಿರಲಿಲ್ಲ. ಆದುದರಿಂದ ಹೆಚ್ಚಿನದು ಬೇಕೆನಿಸಲಿಲ್ಲ.

ಬಟ್ಟೆಯ ಮಾತಿಗೆ ಕಾರವಾರದ ನೆಲವೇ ಒಂದು ಹಳೆಯ ಸಾಕ್ಷಿಯನ್ನು ಇಟ್ಟುಕೊಂಡಿದೆ. ಇಂಗ್ಲಿಷ್ ವರ್ತಕರು 1638ರಲ್ಲಿ ಇಲ್ಲಿ ಕೋಠಿಯನ್ನು ತೆರೆದರು. ಮುಂದೆ 1660ರ ಸುಮಾರಿಗೆ ಪಶ್ಚಿಮ ಭಾರತದಲ್ಲಿಯೇ ಅತ್ಯಂತ ನಯವಾದ ಮಲ್ಮಲ್ ಈ ಬಂದರಿನಿಂದ ಹಡಗೇರುತ್ತಿತ್ತೆಂದೂ, ಅದನ್ನು ನೆಯ್ಯುವ ಸೀಮೆಯು ಘಟ್ಟದ ಮೇಲೆ ಹುಬ್ಬಳ್ಳಿಯ ಕಡೆಗಿದ್ದು ಅಲ್ಲಿ 50,000 ನೇಕಾರರಿಗೆ ಕೆಲಸವಿತ್ತೆಂದೂ ಮುಂಬಯಿ ಪ್ರಾಂತದ ಗ್ಯಾಝೆಟಿಯರು ಹೇಳುತ್ತದೆ. ಐವತ್ತು ಸಾವಿರ ಜನ! ಅವರಲ್ಲಿ ಒಬ್ಬನ ಹೆಸರೂ ಆ ಮಲ್ಮಲ್ಲಿನ ಅಂಚಿನಲ್ಲಿರಲಿಲ್ಲ. ಘಟ್ಟವಿಳಿದು ಎತ್ತಿನ ಬೆನ್ನ ಮೇಲೆ ಬಂದ ಆ ಬಟ್ಟೆಗೆ ಬೆಲೆ ಕಟ್ಟುತ್ತಿದ್ದವರು ಎಳೆಯನ್ನು ಬೆರಳಿನಲ್ಲಿ ಹಿಡಿದು, ಬೆಳಕಿಗೆ ಒಡ್ಡಿ ನೋಡಿ ಕಟ್ಟುತ್ತಿದ್ದರು. ನೇಕಾರನು ಅನಾಮಿಕನಾಗಿದ್ದನು, ಆದರೆ ಅವನ ಕೈ ಅನಾಮಿಕವಾಗಿರಲಿಲ್ಲ. ನಯವೇ ಅದರ ಗುರುತು. ಈಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವವರು ಎಷ್ಟು ಮಂದಿ? ಚೀಟಿಯನ್ನು ತಿರುವಿ ನೋಡುವವರೇ ಎಲ್ಲ.

ಮುದನೂರಿನ ದಾಸಿಮಯ್ಯನವರ ಕಥೆಯನ್ನು ಇಲ್ಲಿ ನೆನೆಯಬೇಕು. ಬಹುಕಾಲ ಶ್ರಮಿಸಿ ನೆಯ್ದ ಉತ್ತಮ ವಸ್ತ್ರವನ್ನು ಹೊತ್ತು ಅವರು ಸಂತೆಯಿಂದ ಮರಳುತ್ತಿರುವಾಗ, ಶಿವನು ಮುದಿಜಂಗಮನ ರೂಪದಲ್ಲಿ ಬಂದು ಅದನ್ನು ಬೇಡಿದನು. ದಾಸಿಮಯ್ಯನವರು ಸಂತೋಷದಿಂದ ನೀಡಿದರು. ಜಂಗಮನು ಅವರ ಕಣ್ಣೆದುರಿನಲ್ಲಿಯೇ ಅದನ್ನು ಪರ್ರನೆ ಹರಿದನು. ಒಂದು ತುಂಡನ್ನು ತಲೆಗೆ ಸುತ್ತಿದನು, ಇನ್ನೊಂದನ್ನು ಕೋಲಿಗೆ ಕಟ್ಟಿದನು, ಉಳಿದುದನ್ನು ಗಾಳಿಗೆ ತೂರಿದನು. ದಾಸಿಮಯ್ಯನವರ ಮುಖ ಕಂದಲಿಲ್ಲ. ತವನಿಧಿಯು ದೊರೆತದ್ದು ಆಮೇಲಿನ ಮಾತು. ಕೇಳುವವರು ಸಾಮಾನ್ಯವಾಗಿ ಆ ತವನಿಧಿಯನ್ನೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಕಥೆಯ ಜೀವವಿರುವುದು ಆ ಹರಿಯುವ ಶಬ್ದದಲ್ಲಿ. ತನ್ನ ಬಾಳಿನ ಉತ್ತಮ ಕೆಲಸವು ಚಿಂದಿಯಾಗುವುದನ್ನು ನೋಡುತ್ತ ನಿಂತವನಿಗೆ ತಾನು ಆ ಬಟ್ಟೆಗಿಂತ ಬೇರೆಯೆಂಬುದು ತಿಳಿದಿತ್ತು. ಇಂದಿನ ತರುಣನ ಅಂಗಿಯ ಮೇಲೆ ಚಹದ ಒಂದು ಹನಿ ಬಿದ್ದರೆ ಅವನ ಇಡೀ ದಿನ ಕೆಡುತ್ತದೆ. ಅವನು ನೆಯ್ದದ್ದಲ್ಲ, ಹೊಲಿದದ್ದಲ್ಲ, ಆದರೂ ಕೆಡುತ್ತದೆ.

ಹಾಗಾದರೆ ದೊಡ್ಡವರ ಉಡಿಗೆಯನ್ನು ನೋಡಿ ಉಡುವುದೇ ತಪ್ಪೆ? ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಕಾರವಾರದ ಕಡಲತೀರಕ್ಕೆ ಯಾರ ಹೆಸರನ್ನಿಟ್ಟಿದೆಯೋ ಆ ರವೀಂದ್ರನಾಥ ಠಾಕೂರರು 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಅವರ ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರಿಗೆ ಇಡೀ ಭಾರತಕ್ಕೊಂದು ರಾಷ್ಟ್ರೀಯ ಉಡಿಗೆಯನ್ನು ರೂಪಿಸಬೇಕೆಂಬ ಹಂಬಲವಿತ್ತು. ಧೋತರವು ಕೆಲಸಕ್ಕೆ ಒದಗದು, ಷರಾಯಿಯು ಪರದೇಶದ್ದು. ಆದುದರಿಂದ ಷರಾಯಿಗೆ ಹಿಂದೆಮುಂದೆ ಕಚ್ಚೆಯ ನಿರಿಗೆಗಳನ್ನು ಹೊಲಿಸಿದರು, ಬಿಸಿಲುಟೋಪಿಯನ್ನೂ ಪೇಟವನ್ನೂ ಕೂಡಿಸಿ ತಲೆಗೆ ಒಂದನ್ನು ಮಾಡಿಸಿದರು. ಅದನ್ನು ತೊಟ್ಟು ಹಾಡಹಗಲಿನಲ್ಲಿ ಕಲಕತ್ತೆಯ ಬೀದಿಗಳಲ್ಲಿ ಓಡಾಡಿದರೆಂದು ತಮ್ಮನೇ ಆತ್ಮಕಥೆಯಲ್ಲಿ ನಗುತ್ತ, ಅವರ ಧೈರ್ಯಕ್ಕೆ ತಲೆದೂಗುತ್ತ ಬರೆದಿದ್ದಾರೆ. ಠಾಕೂರ್ ಮನೆತನದ ಕೀರ್ತಿಯೇನು ಕಡಮೆಯದಲ್ಲ; ಆದರೂ ಆ ಉಡಿಗೆಯನ್ನು ಲೋಕವು ಅನುಸರಿಸಲಿಲ್ಲ. ಅದರ ಹಿಂದೆ ಯೋಚನೆಯಿತ್ತು, ಯಾರ ನೋವೂ ಇರಲಿಲ್ಲ.

ಗಾಂಧೀಜಿಯವರದು ಬೇರೆ ಬಗೆ. ಅವರು 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಟೋಪಿಯನ್ನೂ ಅಂಗಿಯನ್ನೂ ತೊರೆದು ತುಂಡುಬಟ್ಟೆಯನ್ನುಟ್ಟರು. ವಿದೇಶಿ ಬಟ್ಟೆಯನ್ನು ಸುಟ್ಟರೆ ಖಾದಿಯನ್ನು ಕೊಳ್ಳುವ ಶಕ್ತಿ ಬಡವರಿಗೆಲ್ಲಿದೆ ಎಂಬ ಪ್ರಶ್ನೆಗೆ ಅವರು ಮೈಯಿಂದಲೇ ಉತ್ತರ ಕೊಟ್ಟರು. ಮೊದಲು ಅದನ್ನು ಸುಮಾರು ಒಂದು ತಿಂಗಳ ವ್ರತವೆಂದೇ ಹೇಳಿದ್ದರು. ಜೀವಮಾನವೆಲ್ಲ ಅದು ಉಳಿಯಿತು. ಜೊತೆಯ ಕಾರ್ಯಕರ್ತರು ತಮ್ಮಂತೆ ತುಂಡುಬಟ್ಟೆ ಉಡಬೇಕಾಗಿಲ್ಲವೆಂದು ಅವರು ಸ್ಪಷ್ಟವಾಗಿ ತಿಳಿಸಿದ್ದರು. ಅವರ ಹೆಸರಿನ ಟೋಪಿಯನ್ನು ಅವರು ಸ್ವತಃ ತೊಟ್ಟದ್ದು ಎರಡು ಮೂರು ವರ್ಷ ಮಾತ್ರ. ದೇಶವು ದಶಕಗಳ ಕಾಲ ತೊಟ್ಟಿತು. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನನ್ನು ಮುರಿದಾಗ ಅಲ್ಲಿ ಮೆರೆದ ಬಿಳಿಯ ಖಾದಿಯು ಲಾಠಿಯನ್ನೂ ಸೆರೆಮನೆಯನ್ನೂ ಮೈಮೇಲೆ ಕರೆದುಕೊಳ್ಳುವ ಬಟ್ಟೆಯಾಗಿತ್ತು. ಅನುಕರಣವು ಬೆಲೆ ತೆರುವವನನ್ನು ಬೆಳೆಸುತ್ತದೆ. ಅದೇ ಖಾದಿಯು ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಸಮವಸ್ತ್ರವಾಗಿ ಬದಲಾದುದನ್ನು ಹೇಳಹೊರಟರೆ ಅದೇ ಒಂದು ಪುರಾಣವಾದೀತು.

ಪುರಾಣದಲ್ಲಿ ಇನ್ನೊಂದು ಸಂಗತಿಯಿದೆ. ಕಲ್ಯಾಣದಲ್ಲಿ ಕಳ್ಳರು ಜಂಗಮರ ವೇಷ ತೊಟ್ಟು, ಲಿಂಗದ ಬದಲು ಬದನೆಕಾಯಿಯನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಬಸವಣ್ಣನವರ ಮಹಾಮನೆಯನ್ನು ಹೊಕ್ಕರು. ಬಸವಣ್ಣನವರು ಅವರನ್ನು ಶಿವನೆಂದೇ ಭಾವಿಸಿ ಅರ್ಚಿಸಿದರು. ಗಂಟು ಬಿಚ್ಚಿ ನೋಡಿದಾಗ ಬದನೆಕಾಯಿಗಳು ಲಿಂಗಗಳಾಗಿದ್ದವು. ವೇಷವು ತಾನಾಗಿ ಯಾರನ್ನೂ ಉದ್ಧರಿಸಲಿಲ್ಲ. ಎದುರಿಗಿದ್ದವನು ಕಳ್ಳನ ಬಟ್ಟೆಯ ಮೂಲಕ ಕಳ್ಳನೊಳಗಿನ ಶಿವನನ್ನು ಕಂಡನು. ಆ ದೃಷ್ಟಿಯೇ ಅವರನ್ನು ಮಾರ್ಪಡಿಸಿತು. ಪ್ರಸಿದ್ಧ ಪುರುಷನ ಅಂಗಿಯನ್ನು ಕೊಂಡವನ ಕಡೆಗೆ ಆ ಪ್ರಸಿದ್ಧ ಪುರುಷನು ಎಂದಾದರೂ ಕಣ್ಣೆತ್ತಿ ನೋಡಿದ್ದುಂಟೆ? ಭಿತ್ತಿಚಿತ್ರದ ಕಣ್ಣುಗಳು ಎಲ್ಲರನ್ನೂ ನೋಡಿದಂತೆ ತೋರುತ್ತವೆ, ಯಾರನ್ನೂ ನೋಡುವುದಿಲ್ಲ.

ಅಂಗಿಯನ್ನು ಹೊಲಿದವರನ್ನೂ ಯಾರೂ ನೋಡುವುದಿಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ತಮ್ಮ ಭವಿಷ್ಯನಿಧಿಯ ಹಣವನ್ನು ಹಿಂಪಡೆಯುವುದಕ್ಕೆ ಅಡ್ಡಿಯಾದ ಒಂದು ನಿಯಮದ ವಿರುದ್ಧ 2016ರ ಏಪ್ರಿಲಿನಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಾಗಲೇ ಇಷ್ಟೊಂದು ಜನರು ಈ ಊರಿನಲ್ಲಿದ್ದಾರೆಂಬುದು ಅನೇಕರಿಗೆ ಗೊತ್ತಾದುದು. ಕೇಂದ್ರ ಸರಕಾರವು ಆ ನಿಯಮವನ್ನು ಹಿಂದೆಗೆದುಕೊಂಡಿತು. ಸೂಜಿಕಾಯಕದ ರಾಮಿತಂದೆಯ ವಂಶವೆಂದು ಕರೆಯಬಹುದಾದವರಿದ್ದರೆ ಅವರು ಇವರೇ.

ಕನ್ನಡ ಚಲಚ್ಚಿತ್ರ ಲೋಕದಲ್ಲಿ ಡಾ. ರಾಜಕುಮಾರ್ ಅವರಷ್ಟು ಜನರ ಮನಸ್ಸನ್ನು ಸೆಳೆದವರು ಬೇರೊಬ್ಬರಿಲ್ಲ. 1968ರ ಜೇಡರ ಬಲೆಯಲ್ಲಿ ಗುಪ್ತಚರನಾಗಿ ಅವರು ಕೋಟು, ಷರಾಯಿಗಳಲ್ಲಿ ಕಂಡರು. ಬಂಗಾರದ ಮನುಷ್ಯ 1972ರಲ್ಲಿ ಅವರನ್ನು ಹೊಲದ ಮಣ್ಣಿಗಿಳಿಸಿತು. ತೆರೆಯ ಹೊರಗೆ ಅವರು ಉಟ್ಟದ್ದು ಬಿಳಿಯ ಪಂಚೆ, ತೊಟ್ಟದ್ದು ಬಿಳಿಯ ಅಂಗಿ. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ನಾಡಿಗೆ ಪರಿಚಿತವಾದ ರೂಪವೇ ಅದು. ಅಂಥ ಪಂಚೆಯನ್ನು ಯಾರು ಬೇಕಾದರೂ ಯಾವ ಸಂತೆಯಲ್ಲಾದರೂ ಕೊಳ್ಳಬಹುದಾಗಿತ್ತು; ಅದರ ಮೇಲೆ ಅವರ ಹೆಸರಿರಲಿಲ್ಲ.

ಅದೇ ಬಿಳಿಯ ಪಂಚೆಯನ್ನುಟ್ಟು 2024ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ವಯಸ್ಸಾದ ರೈತರೊಬ್ಬರು ಮಗನೊಡನೆ ಬೆಂಗಳೂರಿನ ಒಂದು ಮಾಲಿಗೆ ಚಲಚ್ಚಿತ್ರ ನೋಡಲು ಬಂದರು. ಟಿಕೇಟು ಕೈಯಲ್ಲಿತ್ತು. ಪಂಚೆಯುಟ್ಟವರನ್ನು ಒಳಗೆ ಬಿಡುವುದಿಲ್ಲ, ಷರಾಯಿ ತೊಟ್ಟು ಬನ್ನಿರೆಂದು ಬಾಗಿಲಲ್ಲಿ ತಡೆದರು. ಮಗನು ಅದನ್ನು ಚಿತ್ರೀಕರಿಸಿ ಲೋಕಕ್ಕೆ ತೋರಿಸಿದನು. ರೈತರು ಪಂಚೆಯುಟ್ಟು ಬಂದು ಪ್ರತಿಭಟಿಸಿದರು. ರಾಜ್ಯ ಸರಕಾರವು ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ವಿಧಾನಸಭೆಯಲ್ಲಿ ಸಾರಿತು. ಆ ಗದ್ದಲದ ನಡುವೆ, ತಡೆದ ಬಾಗಿಲಿನವರೇ ಕ್ಷಮೆ ಕೇಳಿ, ಆ ಹಿರಿಯರನ್ನು ಶಾಲು ಹೊದಿಸಿ ಸನ್ಮಾನಿಸಿದರು. ತಡೆದ ಹೊತ್ತಿಗೂ ಸನ್ಮಾನಿಸಿದ ಹೊತ್ತಿಗೂ ನಡುವೆ ಪಂಚೆ ಬದಲಾಗಿರಲಿಲ್ಲ, ಉಟ್ಟವರೂ ಬದಲಾಗಿರಲಿಲ್ಲ. ಅವರ ಹೆಸರು ಮಾತ್ರ ಪತ್ರಿಕೆಗಳಲ್ಲಿ ಬಂದಿತ್ತು.