ಲೋಕಮೂಢತೆಯೂ ಉಪವಾಸವೂ

ಲೋಕರೂಢಿಯನ್ನೇ ಧರ್ಮವೆಂದು ಬಗೆಯುವುದನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯೆಂದು ಕರೆದಿರುವರು. ನದೀಸ್ನಾನ, ಮರಳು-ಕಲ್ಲುಗಳ ರಾಶಿ, ಗಿರಿಪತನ, ಅಗ್ನಿಪ್ರವೇಶಗಳು ಅವರಿತ್ತ ಉದಾಹರಣೆಗಳು. ಓದಿ ನಾವು ನಿಶ್ಚಿಂತರಾಗುತ್ತೇವೆ. ಇವೆಲ್ಲ ಅನ್ಯರ ಆಚಾರಗಳಲ್ಲವೇ! ಆದರೆ ನೆರೆಮನೆಯವರು ಏನೆಂದಾರೋ ಎಂದಂಜಿ ಚತುರ್ದಶಿಯಂದು ಉಪವಾಸವಿರುವ ಗೃಹಸ್ಥನೂ ಲೋಕದ ಕಣ್ಣಿನಿಂದಲೇ ಧರ್ಮವನ್ನು ನೋಡುತ್ತಿರುವನು.

ಹಾಗಾದರೆ, ಇದು ಬರಿಯ ರೂಢಿಯೆಂದು ವ್ರತವನ್ನೇ ತೊರೆದ ಅವನ ಮಗನು ಸ್ವತಂತ್ರನಾದನೇ? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಮಿಥ್ಯಾದರ್ಶನವನ್ನು ನೈಸರ್ಗಿಕವೆಂದೂ ಪರೋಪದೇಶಪೂರ್ವಕವೆಂದೂ ವಿಂಗಡಿಸಿರುವರು. ಸಮಾಜವು ತೊಡಿಸುವುದು ಎರಡನೆಯದನ್ನು ಮಾತ್ರ. ಅದನ್ನು ಕಳಚಿದರೂ ದೇಹವೇ ನಾನೆಂಬ ಅನಾದಿಭ್ರಮೆ ಉಳಿದೇ ಇರುತ್ತದೆ. ಅದಕ್ಕೆ ಯಾವ ಊರಿನವರೂ ಹೊಣೆಯಲ್ಲ. ಮುಂದಿನ ಅಷ್ಟಮಿಯಂದು ತಂದೆಮಕ್ಕಳು ಒಟ್ಟಿಗೆ ಕುಳಿತು, ಹಸಿದಿರುವವನು ಯಾರೆಂದು ಕೇಳಿಕೊಳ್ಳಲಿ.