ಎದೆಯ ಮೇಲಿನ ಹೆಸರು



ಬಾದಾಮಿಯ ರೈಲು ನಿಲ್ದಾಣದಲ್ಲೋ ಬಾಗಲಕೋಟೆಯ ಬಸ್ ನಿಲ್ದಾಣದಲ್ಲೋ ರಜೆಗೆಂದು ಊರಿಗೆ ಬರುವ ಯೋಧರನ್ನು ನೀವು ನೋಡಿರಬಹುದು. ಕೈಯಲ್ಲಿ ಕಪ್ಪು ತಗಡಿನ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು, ಊರು. ಹೊರಗಿನಿಂದ ಎಲ್ಲ ಟ್ರಂಕುಗಳೂ ಒಂದೇ. ಮುಚ್ಚಳ ತೆರೆದರೆ ಒಬ್ಬನದು ಇನ್ನೊಬ್ಬನದರಂತಿರುವುದಿಲ್ಲ. ಒಬ್ಬನು ತಾಯಿಯ ಫೋಟೊ ಅಂಟಿಸಿರುತ್ತಾನೆ. ಇನ್ನೊಬ್ಬನು ಅಜ್ಜಿ ಕೊಟ್ಟ ತಸ್ಬೀಹ್ ಮಣಿಯನ್ನು ಜೋಪಾನವಾಗಿಟ್ಟಿರುತ್ತಾನೆ. ಕೆಲವರು ಮೀಸೆಯನ್ನು ತಮ್ಮದೇ ರೀತಿಯಲ್ಲಿ ತಿರುವುತ್ತಾರೆ, ಕೆಲವರು ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟುತ್ತಾರೆ. ಪೊಲೀಸರಲ್ಲಿ, ಬಸ್ ಕಂಡಕ್ಟರರಲ್ಲಿ, ಆಸ್ಪತ್ರೆಯ ದಾದಿಯರಲ್ಲಿ ಕೂಡ ಇದನ್ನು ಕಾಣಬಹುದು. ಎಲ್ಲರೂ ಒಂದೇ ಬಟ್ಟೆ ತೊಟ್ಟಿರುವಲ್ಲಿ 'ನಾನೂ ಇದ್ದೇನೆ' ಎಂದು ಹೇಳಿಕೊಳ್ಳುವ ಒಂದು ಚಿಕ್ಕ ಗುರುತು.

ಇದು ತಪ್ಪೇ? ಇದು ಅಹಂಕಾರದ ಬೀಜವೇ? ಅಥವಾ ಮನುಷ್ಯನ ಸಹಜ ಹಕ್ಕೇ? ಮಗನನ್ನು ಸೈನ್ಯಕ್ಕೋ ಪೊಲೀಸ್ ಇಲಾಖೆಗೋ ಕಳುಹಿಸುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಹೆಚ್ಚಾಗಿ ಗಡ್ಡದ ರೂಪದಲ್ಲಿ ಬರುತ್ತದೆ. ಆದರೆ ಪ್ರಶ್ನೆ ಗಡ್ಡಕ್ಕಿಂತ ದೊಡ್ಡದು. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಯೋಚಿಸೋಣ.

ಅಲ್ಲಾಹನು ಮನುಷ್ಯರನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲಿಲ್ಲ. ಬೆರಳ ತುದಿಯ ಗೆರೆ ಕೂಡ ಒಬ್ಬನಂತೆ ಇನ್ನೊಬ್ಬನಿಗಿಲ್ಲ. ಹಾಗಿರುವಾಗ ತನ್ನದೊಂದು ಗುರುತು ಇರಲಿ ಎಂಬ ಆಸೆಯೇ ಪಾಪವಾಗಲಾರದು. ಬದ್ರ್ ಯುದ್ಧದಲ್ಲಿ ಹಝ್ರತ್ ಹಂಝಾ(ರ) ಎದೆಯ ಮೇಲೆ ಉಷ್ಟ್ರಪಕ್ಷಿಯ ಗರಿಯನ್ನು ಧರಿಸಿದ್ದರೆಂದೂ, ಹಝ್ರತ್ ಝುಬೈರ್(ರ) ಹಳದಿ ಮುಂಡಾಸು ಸುತ್ತಿದ್ದರೆಂದೂ ಚರಿತ್ರೆಯ ವರದಿಗಳಲ್ಲಿದೆ. ಇಂದಿಗೂ ಸೈನ್ಯಗಳಲ್ಲಿ ಈ ರೂಢಿಯಿದೆ. ನಮ್ಮ ಸಮೀಪದ ಬೆಳಗಾವಿಯಲ್ಲಿ ಕೇಂದ್ರವನ್ನು ಹೊಂದಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಯೋಧರು ಟೋಪಿಯ ಮೇಲೆ ಗರಿಯ ಗೊಂಚಲನ್ನು ಧರಿಸುತ್ತಾರೆ.

ಉಹುದ್‌ನ ದಿನ ನಡೆದುದನ್ನು ನೆನಪಿಸಿಕೊಳ್ಳಿ. ಪ್ರವಾದಿವರ್ಯರು(ಸ) ಒಂದು ಖಡ್ಗವನ್ನು ಹಿಡಿದು, ಇದರ ಹಕ್ಕನ್ನು ಸಲ್ಲಿಸುವ ಷರತ್ತಿನೊಂದಿಗೆ ಇದನ್ನು ಪಡೆಯುವವರು ಯಾರು ಎಂದು ಕೇಳಿದರು. ಅಬೂದುಜಾನಾ(ರ) ಅದನ್ನು ಪಡೆದರು, ತಲೆಗೆ ಕೆಂಪು ಪಟ್ಟಿ ಬಿಗಿದರು, ಸಾಲುಗಳ ನಡುವೆ ಠೀವಿಯಿಂದ ಹೆಜ್ಜೆ ಹಾಕಿದರು. ಅಲ್ಲಾಹನಿಗೆ ಇಂತಹ ನಡಿಗೆ ಮೆಚ್ಚುಗೆಯಲ್ಲವಾದರೂ ಇಂತಹ ಸಂದರ್ಭದಲ್ಲಿ ಅದಕ್ಕೆ ವಿನಾಯಿತಿಯಿದೆ ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ನುಡಿದರು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಯುದ್ಧದ ಮಧ್ಯೆ ಶತ್ರುಗಳನ್ನು ಹುರಿದುಂಬಿಸುತ್ತಿದ್ದ ಒಬ್ಬರ ಮೇಲೆ ಅವರು ಖಡ್ಗ ಎತ್ತಿದರು. ಚೀರಿದಾಗ ಅದು ಹೆಣ್ಣೆಂದು ತಿಳಿಯಿತು. ಪ್ರವಾದಿಯವರ(ಸ) ಖಡ್ಗವನ್ನು ಒಬ್ಬ ಹೆಣ್ಣಿನ ಮೇಲೆ ಪ್ರಯೋಗಿಸುವುದು ತರವಲ್ಲವೆಂದು ಅವರು ಕೈಯನ್ನು ಹಿಂದಕ್ಕೆ ಸೆಳೆದುಕೊಂಡರು.

ನೋಡಿ, ಆ ಕೆಂಪು ಪಟ್ಟಿಯನ್ನು ಎಲ್ಲರೂ ನೋಡಿದ್ದರು. ಆದರೆ ಅದಕ್ಕೆ ಬೆಲೆ ಬಂದದ್ದು ಎತ್ತಿದ ಕೈಯನ್ನು ತಡೆದ ಆ ಒಂದು ಗಳಿಗೆಯಲ್ಲಿ. ಗುರುತು ಧರಿಸಿದವನಿಗೆ ಸಲಿಗೆ ಹೆಚ್ಚುವುದಿಲ್ಲ, ಹೊಣೆ ಹೆಚ್ಚುತ್ತದೆ.

ಸಾಲಿಗೂ ತನ್ನದೇ ಹಕ್ಕಿದೆ. ಬದ್ರ್‌ನಲ್ಲಿ ಪ್ರವಾದಿವರ್ಯರು(ಸ) ಬಾಣವೊಂದನ್ನು ಹಿಡಿದು ಸಾಲನ್ನು ನೇರಗೊಳಿಸುತ್ತಿದ್ದಾಗ ಸವಾದ್ ಬಿನ್ ಗಝಿಯ್ಯಾ(ರ) ಸಾಲಿನಿಂದ ಮುಂದೆ ಚಾಚಿಕೊಂಡಿದ್ದರು. ಅವರ ಹೊಟ್ಟೆಗೆ ಬಾಣದಿಂದ ಚುಚ್ಚಿ ನೇರವಾಗಿ ನಿಲ್ಲಲು ಹೇಳಲಾಯಿತು. ನನಗೆ ನೋವಾಯಿತು, ಪ್ರತೀಕಾರ ಬೇಕು ಎಂದರು ಸವಾದ್(ರ). ಸೇನಾನಾಯಕರಾದ ಪ್ರವಾದಿವರ್ಯರು(ಸ) ಆ ಕ್ಷಣವೇ ತಮ್ಮ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದರು. ಸವಾದ್(ರ) ಅವರನ್ನು ಅಪ್ಪಿಕೊಂಡು ಮುತ್ತಿಟ್ಟರು. ಸಾಲು ನೇರವಾಗಿರಬೇಕು, ಸಾಲಿನಲ್ಲಿ ನಿಂತವನು ಮನುಷ್ಯನಾಗಿಯೇ ಉಳಿಯಬೇಕು. ಎರಡೂ ಪಾಠಗಳು ಒಂದೇ ಘಟನೆಯಲ್ಲಿವೆ.

ಈಗ ಗಡ್ಡದ ಪ್ರಶ್ನೆಗೆ ಬರೋಣ. ಭಾರತೀಯ ವಾಯುಪಡೆಯಲ್ಲಿದ್ದ ಒಬ್ಬ ಮುಸ್ಲಿಮ್ ಯುವಕನು ಧಾರ್ಮಿಕ ಕಾರಣದಿಂದ ಗಡ್ಡ ಬಿಡಲು ಅನುಮತಿ ಕೇಳಿದನು. ಅದು ಸಿಗಲಿಲ್ಲ. ಗಡ್ಡ ತೆಗೆಯಲು ಒಪ್ಪದ ಅವನನ್ನು 2008ರಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಯಿತು. ಕೂದಲು ಕತ್ತರಿಸುವುದನ್ನು ಅಥವಾ ಕ್ಷೌರವನ್ನು ಯಾರ ಧರ್ಮ ನಿಷೇಧಿಸಿದೆಯೋ ಅವರಿಗೆ ಮಾತ್ರ ವಾಯುಪಡೆಯ ನಿಯಮದಲ್ಲಿ ವಿನಾಯಿತಿಯಿತ್ತು. ಆತನು ಆ ವಿನಾಯಿತಿಗೆ ಒಳಪಡುತ್ತಾನೆಂದು ಸುಪ್ರೀಮ್ ಕೋರ್ಟಿಗೆ ಮನವರಿಕೆಯಾಗಲಿಲ್ಲ. 2016ರ ಡಿಸೆಂಬರ್ 15ರಂದು ಅದು ವಾಯುಪಡೆಯ ಕ್ರಮವನ್ನು ಎತ್ತಿಹಿಡಿಯಿತು.

ಈ ತೀರ್ಪಿನ ಬಗ್ಗೆ ನಿಮಗೆ ನಿಮ್ಮದೇ ಅಭಿಪ್ರಾಯವಿರಬಹುದು. ನನ್ನ ಗಮನ ಸೆಳೆದದ್ದು ಬೇರೊಂದು ವಿಷಯ. ಆತನು ಕದ್ದುಮುಚ್ಚಿ ಏನನ್ನೂ ಮಾಡಲಿಲ್ಲ. ಅರ್ಜಿ ಕೊಟ್ಟನು, ನ್ಯಾಯಾಲಯದ ಬಾಗಿಲು ತಟ್ಟಿದನು, ಸೋಲಿನ ಬೆಲೆಯನ್ನೂ ತಾನೇ ತೆತ್ತನು. ಕೆನಡಾದ ಮೌಂಟೆಡ್ ಪೊಲೀಸ್ ಪಡೆ 1990ರಲ್ಲಿ ಸಿಖ್ಖರ ಪೇಟಕ್ಕೂ, ಲಂಡನಿನ ಮೆಟ್ರೋಪಾಲಿಟನ್ ಪೊಲೀಸ್ 2001ರಲ್ಲಿ ಮುಸ್ಲಿಮ್ ಮಹಿಳೆಯರ ಹಿಜಾಬಿಗೂ ಸಮವಸ್ತ್ರದಲ್ಲಿ ಸ್ಥಾನ ನೀಡಿದವು. ಕೇಳುವ ದಾರಿ ಒಂದು ಕಡೆ ಮುಚ್ಚಿದ್ದರೆ ಇನ್ನೊಂದು ಕಡೆ ತೆರೆದಿರುತ್ತದೆ. ಆದರೆ ಕರಾರನ್ನು ಪೂರೈಸಬೇಕೆಂದು ಕುರ್‌ಆನ್ ವಿಶ್ವಾಸಿಗಳಿಗೆ ಆಜ್ಞಾಪಿಸಿದೆ. ನೌಕರಿಗೆ ಸಹಿ ಹಾಕುವುದೂ ಒಂದು ಕರಾರೇ. ಆದ್ದರಿಂದ ಮಗನು ಅರ್ಜಿ ತುಂಬುವ ಮೊದಲೇ ನಿಯಮಗಳನ್ನು ಓದಿ. ಕೇಳುವುದನ್ನು ಬಹಿರಂಗವಾಗಿ ಕೇಳಲಿ. ಮನಸ್ಸಾಕ್ಷಿ ಒಪ್ಪದಿದ್ದರೆ ಬಹಿರಂಗವಾಗಿಯೇ ಹಿಂದೆ ಸರಿಯಲಿ. ಒಪ್ಪಿಕೊಂಡು ಒಳಗೆ ಹೋಗಿ ವಂಚಿಸುವುದು ಧರ್ಮನಿಷ್ಠೆಯಾಗದು.

ಇಷ್ಟನ್ನು ಬರೆಯುವಾಗ ನನಗೆ ನನ್ನದೇ ಒಂದು ಲೆಕ್ಕ ನೆನಪಾಗುತ್ತದೆ. ಸುಮಾರು 25 ವರ್ಷಗಳ ಹಿಂದೆ ನಾನು ಖಾಕಿ ತೊಟ್ಟ ಬಸ್ ಕಂಡಕ್ಟರನಾಗಿದ್ದೆ. ನನಗೂ ಗುರುತುಗಳಿದ್ದವು. ಕಾಲರಿನೊಳಗೆ ಹಸಿರು ಕರವಸ್ತ್ರ, ಬೆರಳಿಗೆ ಬೆಳ್ಳಿಯ ಉಂಗುರ, ನೀಟಾಗಿ ಕತ್ತರಿಸಿದ ಗಡ್ಡ. ಗುಂಪಿನಲ್ಲಿಯೂ ನನ್ನನ್ನು ಗುರುತಿಸುತ್ತಾರೆಂಬ ಹೆಮ್ಮೆಯಿತ್ತು. ಒಂದು ಬೇಸಿಗೆಯ ಮಧ್ಯಾಹ್ನ, ಝುಹ್ರ್ ನಮಾಝ್ ಮುಗಿಸಿ, ಹುನಗುಂದದಿಂದ ಇಲಕಲ್ಲಿಗೆ ಹೊರಟಿದ್ದೆವು. ನೇಕಾರರ ಮನೆಯ ಒಬ್ಬ ಮುದುಕಿ ಸೀರೆಯ ಗಂಟು ಹಿಡಿದು ಕುಳಿತಿದ್ದಳು. ಟಿಕೆಟಿಗೆ ಎರಡು ರೂಪಾಯಿ ಕಡಿಮೆ.

"ಸಾವಕಾರಗ ಸೀರಿ ಮುಟ್ಟಿಸಿದ್ರ ಕೂಲಿ ಬರತೈತಿ ಯಪ್ಪಾ, ತಿರುಗಿ ಬರುವಾಗ ಕೊಡ್ತೀನಿ" ಎಂದಳು.

ನನ್ನ ಕಿಸೆಯಲ್ಲಿ ಎರಡು ರೂಪಾಯಿ ಇರಲಿಲ್ಲವೆಂದಲ್ಲ. "ನಿಯಮ ಅಂದ್ರ ನಿಯಮ" ಎಂದು ಹೇಳಿ ಸೀಟಿ ಊದಿದೆ. ಬಸ್ಸು ನಡುದಾರಿಯಲ್ಲಿ ನಿಂತಿತು. ಅವಳು ಜಗಳವಾಡಲಿಲ್ಲ. ಪಕ್ಕದ ಹುಡುಗನಿಗೆ, "ತಮ್ಮಾ, ಇವನ ಎದಿ ಮ್ಯಾಲ ಏನ್ ಬರದೈತಿ, ಓದು" ಎಂದಳು. ಹುಡುಗ ಓದಿದ. "ಹೆಸರ ಛಲೋ ಐತಿ" ಎಂದಷ್ಟೇ ಹೇಳಿ ಗಂಟು ಎತ್ತಿಕೊಂಡು ಬಿಸಿಲಿಗೆ ಇಳಿದಳು.

ನನ್ನ ಹೆಸರಿನ ಅರ್ಥ ಕರುಣಾಮಯನ ದಾಸ ಎಂದು. ಅವಳಿಗೆ ಆ ಅರ್ಥ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಮರುದಿನ, ಅದರ ಮರುದಿನ ಅದೇ ದಾರಿಯಲ್ಲಿ ಅವಳನ್ನು ಹುಡುಕಿದೆ. ಸಿಗಲಿಲ್ಲ.

ಅಂದಿನಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಕರವಸ್ತ್ರ, ಉಂಗುರಗಳನ್ನು ನಾನು ಆರಿಸಿಕೊಂಡಿದ್ದೆ, ಏಕೆಂದರೆ ಅವು ಹೊಗಳಿಕೆ ತರುತ್ತಿದ್ದವು. ನಾಮಫಲಕವನ್ನು ಮಾತ್ರ ನಿಯಮವೇ ನನ್ನ ಎದೆಗೆ ಚುಚ್ಚಿತ್ತು, ಏಕೆಂದರೆ ಅದು ದೂರು ತರಬಲ್ಲದು. ಸಮವಸ್ತ್ರದಲ್ಲಿ ಒಬ್ಬನನ್ನು ಇನ್ನೊಬ್ಬನಿಂದ ನಿಜವಾಗಿ ಬೇರ್ಪಡಿಸುವ ಗುರುತು ಅದೇ. ನಾನು ಅದನ್ನೇ ಮರೆತಿದ್ದೆ. 1996ರ ಡಿಸೆಂಬರ್ 18ರಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್, ಬಂಧಿಸುವ ಮತ್ತು ವಿಚಾರಣೆ ನಡೆಸುವ ಪೊಲೀಸರು ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವ ಫಲಕ ಧರಿಸಬೇಕೆಂದು ಆದೇಶಿಸಿತು. ಹೆಸರು ಕಾಣದ ಕೈ ಎಷ್ಟು ಸುಲಭವಾಗಿ ಮೇಲೇಳುತ್ತದೆಂದು ಲಾಠಿಯ ಏಟು ತಿಂದವರಿಗೆ ಗೊತ್ತು. ಮೀಸೆಯನ್ನು ಪ್ರೀತಿಯಿಂದ ತಿರುವುವವನು ನಾಮಫಲಕವನ್ನು ಕಳಚಿ ಕಿಸೆಗೆ ಹಾಕಿದರೆ ಅವನಿಗೆ ತನ್ನತನ ಬೇಕಾಗಿಲ್ಲ, ಅಲಂಕಾರ ಮಾತ್ರ ಬೇಕಾಗಿದೆ.

ಆ ಮುದುಕಿಯ ಗಂಟಿನಲ್ಲಿದ್ದ ಇಲಕಲ್ ಸೀರೆಗಳನ್ನೇ ನೋಡಿ. ಎಲ್ಲದರದೂ ಕೆಂಪು ಸೆರಗು, ಅದರಲ್ಲಿ ಬಿಳಿಯ ತೆನೆ. ಸೀರೆಯ ಮೈಯ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಉಡುವವರು ಆ ಕೂಡಿಕೆಯನ್ನು ನೋಡುವುದಿಲ್ಲ, ಕೂಡಿಸಿದವರ ಹೆಸರನ್ನು ಕೇಳುವುದಿಲ್ಲ. ಆದರೆ ಅದು ಸಡಿಲವಾದರೆ ಸೆರಗು ನಿಲ್ಲದು. ಒಂದೇ ಬಣ್ಣದ ಸೆರಗಿನಲ್ಲಿ ನೇಕಾರಳ ತನ್ನತನ ಉಳಿದಿರುವುದು ಅಲ್ಲಿ, ಅವಳು ಕೆಲಸ ಮಾಡಿದ ರೀತಿಯಲ್ಲಿ.

ಸಹೋದರ ಸಹೋದರಿಯರೇ, ನಮಾಝಿನ ಸಾಲಿನಲ್ಲಿ ನಾವು ಭುಜಕ್ಕೆ ಭುಜ ಸೇರಿಸಿ ನಿಲ್ಲುತ್ತೇವೆ. ಹೊರಗಿನಿಂದ ಎಲ್ಲರೂ ಒಂದೇ, ಉದ್ದೇಶ ಮಾತ್ರ ಒಬ್ಬೊಬ್ಬನದು ಬೇರೆ. ಅಂತ್ಯದಿನದಂದು ಪ್ರತಿಯೊಬ್ಬನೂ ಒಂಟಿಯಾಗಿ ಹಾಜರಾಗುವನೆಂದು ಕುರ್‌ಆನ್ ಎಚ್ಚರಿಸಿದೆ. ಅಂದು ಮೇಲಧಿಕಾರಿಯ ಆಜ್ಞೆ, ಇಲಾಖೆಯ ನಿಯಮ, ಖಾಕಿಯ ಮಡಿಕೆ ಯಾವುದೂ ನಮ್ಮ ಪರವಾಗಿ ಉತ್ತರ ಕೊಡಲಾರವು. ನಿಮ್ಮ ಮಗ ಅಥವಾ ಮಗಳು ಮೊದಲ ಬಾರಿ ಸಮವಸ್ತ್ರ ತೊಟ್ಟು ಮನೆಯ ಬಾಗಿಲಲ್ಲಿ ನಿಂತಾಗ ಟೋಪಿ ಸರಿಪಡಿಸಿ, ಗುಂಡಿಗಳನ್ನು ನೋಡಿ. ಕೊನೆಗೆ ಎದೆಯ ಮೇಲಿನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ, ಅದರ ಅರ್ಥವನ್ನೂ ಹೇಳಿ ಕಳುಹಿಸಿ.

ಆ ಹೆಸರಿಗೆ ತಕ್ಕವರಾಗಿ ಬಾಳುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.